ಐಸಿ ಬೇಸ್‌ಲೈನ್ ನಿಲ್ಲುತ್ತಲೇ ಇಲ್ಲ, ಹೊಸ ಕಾಲಂ ತರಿಸುವ ಮೊದಲು ಯಾರಾದರೂ ಹೇಳಿ

ಬೇಳದ_ಬಾವಿ:
ನಮಸ್ಕಾರ. ಬದಿಯಡ್ಕದ ಹತ್ತಿರ ಸಣ್ಣದೊಂದು ನೀರು ಪರೀಕ್ಷೆಯ ಲ್ಯಾಬ್ ನಮ್ಮದು. ಬಾವಿ, ಬೋರ್‌ವೆಲ್, ನೀರಿಗಾಗಿ ಗುಡ್ಡ ಕೊರೆದ ಸುರಂಗ ಎಲ್ಲದರ ನೀರೂ ಬರುತ್ತದೆ. ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ನೋಡಲು ಅಯಾನ್ ಕ್ರೊಮ್ಯಾಟೋಗ್ರಾಫ್ (ಐಸಿ) ಉಂಟು, ಕಾಲಂ ಎಂಬ ಕೊಳವೆಯಲ್ಲಿ ಅಯಾನ್‌ಗಳನ್ನು ಬೇರ್ಪಡಿಸಿ ಅಳೆಯುವ ಮೆಷಿನ್. ಮೇ ತಿಂಗಳವರೆಗೆ ಗೆರೆ ಎಳೆದ ಹಾಗೆ ಇದ್ದ ಬೇಸ್‌ಲೈನ್ (ಪೀಕ್‌ಗಳು ಏಳುವ ತಳದ ಗೆರೆ) ಮಳೆ ಶುರುವಾದ ಮೇಲೆ ಕುಣಿಯಲು ಶುರು ಮಾಡಿದೆ.

ಎಲ್ಯುಯೆಂಟ್ (ಕಾಲಂನಲ್ಲಿ ಹರಿಸುವ ದ್ರಾವಣ) 3.2 ಮಿಲಿಮೋಲರ್ ಸೋಡಿಯಂ ಕಾರ್ಬೊನೇಟ್, 1.0 ಮಿಲಿಮೋಲರ್ ಬೈಕಾರ್ಬೊನೇಟ್. ಫ್ಲೋ ನಿಮಿಷಕ್ಕೆ 0.7 ಎಂಎಲ್. ಎಲ್ಯುಯೆಂಟಿನ ಕಂಡಕ್ಟಿವಿಟಿ ಇಳಿಸುವ ಸಪ್ರೆಸರ್ ತಿರುಗುವ ಜಾತಿಯದ್ದು, ಮೂರು ಕೋಣೆ, ಗಂಧಕಾಮ್ಲದಲ್ಲಿ ರೀಜನರೇಟ್ ಆಗುವುದು. ಹಿನ್ನೆಲೆ ಕಂಡಕ್ಟಿವಿಟಿ 15 ಮೈಕ್ರೋಸೀಮೆನ್ಸ್ ಹತ್ತಿರ ಇದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಅದರ ಮೇಲೆ ಅಲೆ. ಹೊಸ ಎಲ್ಯುಯೆಂಟ್ ಮಾಡಿ ಆಯ್ತು, ಗಾರ್ಡ್ ಕಾಲಂ ಬದಲಿಸಿ ಆಯ್ತು, ಇಡೀ ದಿನ ತೊಳೆದೂ ಆಯ್ತು. ಯಜಮಾನರು ಈಗ ಕಾಲಂ ತರಿಸುವಾ ಅಂತಿದ್ದಾರೆ. ಅದರ ಬೆಲೆ ನಿಮಗೆ ಗೊತ್ತಲ್ಲ. ಫೋಟೋ ಹಾಕಿದ್ದೇನೆ, ನೋಡಿ.

ಹೊಸೂರು_ಕ್ಯೂಸಿ:
ಸಪ್ರೆಸರ್ ಕರೆಂಟ್ ಎಷ್ಟಿಟ್ಟಿದ್ದೀರಿ? ನಮ್ಮಲ್ಲಿ ಹೀಗೇ ಆಗಿತ್ತು. ಯಾರೋ 100 ಮಿಲಿಆಂಪಿಯರ್‌ನಲ್ಲಿ ಬಿಟ್ಟಿದ್ದರು, ಬೇಸ್‌ಲೈನ್ ತುಂಬ ಹುಲ್ಲು ಬೆಳೆದ ಹಾಗಿತ್ತು. 31ಕ್ಕೆ ಇಳಿಸಿದ ಮೇಲೆ ಸುಮ್ಮನಾಯಿತು.

ಬೇಳದ_ಬಾವಿ:
ನಮ್ಮದು ಕರೆಂಟಿನ ಸಪ್ರೆಸರ್ ಅಲ್ಲ ಸಾರ್, ಆಸಿಡ್‌ದು. ಆದರೂ ಆ 31 ಎಲ್ಲಿಂದ ಬಂತು ಅಂತ ಹೇಳಿ, ಬರೆದಿಟ್ಟುಕೊಳ್ಳುತ್ತೇನೆ.

ಹೊಸೂರು_ಕ್ಯೂಸಿ:
4 ಎಂಎಂ ಸಪ್ರೆಸರ್‌ಗೆ ಲೆಕ್ಕ ಸುಲಭ. ಕಾರ್ಬೊನೇಟ್‌ನ ಎರಡು ಪಟ್ಟಿಗೆ ಬೈಕಾರ್ಬೊನೇಟ್ ಕೂಡಿಸಿ, ಅದನ್ನು ಫ್ಲೋದಿಂದ ಗುಣಿಸಿ, ಮತ್ತೆ 2.47ರಿಂದ ಗುಣಿಸಿ. ನಮ್ಮದು 4.5 ಮತ್ತು 1.4, ಫ್ಲೋ 1.2. ಅಂದರೆ 10.4 ಗುಣಿಸು 1.2 ಗುಣಿಸು 2.47, ಸುಮಾರು 31. ಜಾಸ್ತಿ ಕೊಟ್ಟರೆ ಒಳ್ಳೇದು ಅಂದುಕೊಳ್ಳುವವರು ತುಂಬ ಜನ. ಜಾಸ್ತಿ ಕೊಟ್ಟರೆ ಬಿಸಿ, ಗ್ಯಾಸು, ನಾಯ್ಸು ಅಷ್ಟೇ. ಸಪ್ರೆಸರ್ ಆಯುಸ್ಸೂ ಕಡಿಮೆ.

ಅಕ್ಕಲಕೋಟ_ಸಕ್ಕರೆ:
ಅರ್ಥಿಂಗ್ ನೋಡ್ರಿ ಮೊದಲು. ನಮ್ಮ ಫ್ಯಾಕ್ಟರಿ ಲ್ಯಾಬ್‌ನಾಗ ಬಾಜೂ ಮೋಟರ್ ಚಾಲೂ ಆದಾಗೆಲ್ಲ ಸ್ಪೈಕ್ ಬರ್ತಿತ್ತು.

ಸ್ಪಾನರ್_ಮಂಜೇಶ್ವರ:
ಒಂದು ನಿಮಿಷ ನಿಲ್ಲಿ ಮಾರಾಯ್ರೆ. ಎಲ್ಲರೂ ತಮ್ಮ ತಮ್ಮ ಲ್ಯಾಬಿನ ರೋಗಕ್ಕೆ ಮದ್ದು ಹೇಳುತ್ತಿದ್ದೀರಿ. ಹದಿನಾರು ವರ್ಷ ಇದೇ ಮೆಷಿನ್‌ಗಳ ಸರ್ವೀಸ್ ಮಾಡಿ ಈಗ ಅಡಿಕೆ ತೋಟ ನೋಡಿಕೊಂಡು ಇದ್ದೇನೆ. ಹಾಗಾಗಿ ನನಗೆ ಯಾವ ಪಾರ್ಟ್ಸ್ ಮಾರುವ ಉದ್ದೇಶವೂ ಇಲ್ಲ.

ತಂಗೀ, ಫೋಟೋದಲ್ಲಿ ಒಂದು ಅಲೆ ಅಲ್ಲ, ಎರಡು ಉಂಟು. ದೊಡ್ಡ ನಿಧಾನದ ಅಲೆಯ ಮೇಲೆ ಗರಗಸದ ಹಲ್ಲಿನ ಹಾಗೆ ಸಣ್ಣದು ಕೂತಿದೆ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ. ಸಣ್ಣದು ನಿಮಿಷಕ್ಕೆ ಎಷ್ಟು ಸಲ, ದೊಡ್ಡದು ಎಷ್ಟು ನಿಮಿಷಕ್ಕೊಮ್ಮೆ. ಎರಡನ್ನೂ ಎಣಿಸಿ ಬರೆಯಿರಿ. ಅಲ್ಲಿಯವರೆಗೆ ಏನೂ ಬಿಚ್ಚಬೇಡಿ, ಏನೂ ಬದಲಿಸಬೇಡಿ.

ಬೇಳದ_ಬಾವಿ:
ಎಣಿಸಿದೆ ಅಣ್ಣ. ಸಣ್ಣದು ನಿಮಿಷಕ್ಕೆ 14. ದೊಡ್ಡದು ಕೆಲವೊಮ್ಮೆ 11 ನಿಮಿಷ, ಕೆಲವೊಮ್ಮೆ 14. ಎತ್ತರ ಸುಮಾರು 0.4 ಮೈಕ್ರೋಸೀಮೆನ್ಸ್. ಪ್ರೆಷರ್ ಕೂಡ ಅಲುಗಾಡುತ್ತಿದೆ, 7.8 ಎಂಪಿಎ ಇದ್ದದ್ದು 7.3ಕ್ಕೆ ಬಂದು ಪುನಃ ಮೇಲೆ ಹೋಗುತ್ತದೆ.

ಸ್ಪಾನರ್_ಮಂಜೇಶ್ವರ:
ಪ್ರೆಷರ್ ಅಷ್ಟು ಅಲುಗಾಡುವುದನ್ನು ಮೊದಲೇ ಹೇಳಬೇಕಿತ್ತು! ಇರಲಿ. ಈಗ ಎರಡು ಕೆಲಸ.

ಒಂದು, ಫ್ಲೋ 0.35ಕ್ಕೆ ಇಳಿಸಿ ಸಣ್ಣ ಅಲೆ ಎಣಿಸಿ. 7 ಆದರೆ ಅದು ಪಂಪಿನದ್ದು, ಬೇರೆ ಯಾವುದೂ ಅಲ್ಲ. ಪಿಸ್ಟನ್ ಎಷ್ಟು ಸಲ ಹೋಗಿ ಬರುತ್ತದೋ ಅಷ್ಟೇ ಅಲೆ. ಕರೆಂಟಿನ ತೊಂದರೆಗೆ ನಿಮ್ಮ ಫ್ಲೋ ಎಷ್ಟು ಅಂತ ಗೊತ್ತಿರುವುದಿಲ್ಲ ಅಲ್ವಾ.

ಎರಡು, ಪಂಪನ್ನು ಪೂರ್ತಿ ನಿಲ್ಲಿಸಿ, ಡಿಟೆಕ್ಟರ್ ಮಾತ್ರ ಓಡಲಿ. ಅರ್ಧ ಗಂಟೆ ರೆಕಾರ್ಡ್ ಮಾಡಿ.

ಹೊಸೂರು_ಕ್ಯೂಸಿ:
ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಬೇರೆಯವರು ಓದಿ ಹಾಗೇ ಮಾಡಿಯಾರು. ಎಲೆಕ್ಟ್ರೋಲಿಟಿಕ್ ಸಪ್ರೆಸರ್ ಇದ್ದರೆ ಮೊದಲು ಅದರ ಕರೆಂಟ್ ಆಫ್ ಮಾಡಿ, ಆಮೇಲೆ ಪಂಪ್ ನಿಲ್ಲಿಸಿ. ನೀರು ಹರಿಯದೆ ಕರೆಂಟ್ ಹರಿದರೆ ಮೆಂಬ್ರೇನ್ ಸುಟ್ಟುಕೊಳ್ಳುತ್ತೀರಿ.

ಬೇಳದ_ಬಾವಿ:
0.35ಕ್ಕೆ ಸರಿಯಾಗಿ 7! ನಂಬಲು ಆಗಲಿಲ್ಲ, ಮತ್ತೊಮ್ಮೆ ಎಣಿಸಿದೆ. ಪಂಪ್ ನಿಲ್ಲಿಸಿದಾಗ ಗರಗಸ ಮಾಯ. ಆದರೆ ದೊಡ್ಡ ಅಲೆ ಹಾಗೇ ಉಂಟು. ಪಂಪೇ ಓಡುತ್ತಿಲ್ಲ, ನೀರೂ ಹರಿಯುತ್ತಿಲ್ಲ, ಆದರೂ ಅಲೆ. ಇದೆಂತದು ಅಣ್ಣ?

ಸ್ಪಾನರ್_ಮಂಜೇಶ್ವರ:
ದೊಡ್ಡದನ್ನು ಆಮೇಲೆ ನೋಡುವಾ. ಒಂದೊಂದಾಗಿ. ಮೊದಲು ಪಂಪು. ಎಲ್ಯುಯೆಂಟ್ ಬಾಟ್ಲಿ ಎಲ್ಲಿ ಇಟ್ಟಿದ್ದೀರಿ?

ಬೇಳದ_ಬಾವಿ:
ಮೇಜಿನ ಕೆಳಗೆ. ಮೇಲೆ ಜಾಗ ಇಲ್ಲ, ಕಂಪ್ಯೂಟರ್ ಇದೆ.

ಸ್ಪಾನರ್_ಮಂಜೇಶ್ವರ:
ಕಂಪ್ಯೂಟರನ್ನು ಕೆಳಗಿಡಿ! ಬಾಟ್ಲಿ ಪಂಪಿಗಿಂತ ಮೇಲಿರಬೇಕು. ಕೆಳಗಿದ್ದರೆ ಪಂಪ್ ಎಳೆದುಕೊಳ್ಳಬೇಕು, ಎಳೆಯುವಾಗ ಕರಗಿದ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ಗುಳ್ಳೆ ಹೋಗಿ ಪಂಪ್ ಹೆಡ್ಡಿನಲ್ಲಿ ಕೂರುತ್ತದೆ. ಇನ್ನು ಬಾಟ್ಲಿಯೊಳಗೆ ಪೈಪಿನ ತುದಿಗೆ ಸಣ್ಣ ಫಿಲ್ಟರ್ ಇರುತ್ತದೆ ನೋಡಿ, ಅದನ್ನು ತೆಗೆದು ಬೆರಳಲ್ಲಿ ಮುಟ್ಟಿ. ಲೋಳೆ ಉಂಟಾ?

ಬೇಳದ_ಬಾವಿ:
ಉಂಟು. ಬಸಳೆ ಎಲೆ ಹಿಸುಕಿದ ಹಾಗೆ. ಥೂ.

ನಿವೃತ್ತ_ಮಾಷ್ಟ್ರು:
ಮಳೆಗಾಲದ ಕಾರ್ಬೊನೇಟ್ ನೀರಿನಲ್ಲಿ ಲೋಳೆ ಕಟ್ಟುವುದು ಹೊಸತೇನಲ್ಲ. ಹಳೆ ಬಾಟ್ಲಿಗೇ ಹೊಸ ಎಲ್ಯುಯೆಂಟ್ ಮೇಲಿಂದ ಮೇಲೆ ಸುರಿದರೆ ಹೀಗಾಗುತ್ತದೆ. ನಿನ್ನೆಯ ಸಾಂಬಾರಿಗೆ ಇವತ್ತಿನದನ್ನು ಸೇರಿಸಿದ ಹಾಗೆ. ಪ್ರತಿ ಸಲ ಬಾಟ್ಲಿ ಖಾಲಿ ಮಾಡಿ, 18.2 ಮೆಗಾಓಮ್ ಅತಿಶುದ್ಧ ನೀರಲ್ಲಿ ತೊಳೆದು, ಹೊಸತು ತುಂಬಿಸಬೇಕಮ್ಮ. ಬಾಟ್ಲಿ ಬಾಯಿಗೆ ಸೋಡಾಲೈಂ ಟ್ಯೂಬ್ ಇಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗಿ ಕಾರ್ಬೊನೇಟ್ ಲೆಕ್ಕ ತಪ್ಪುವುದಿಲ್ಲ.

ಸ್ಪಾನರ್_ಮಂಜೇಶ್ವರ:
ಮಾಷ್ಟ್ರು ಹೇಳಿದ್ದು ಸರಿ. ಫಿಲ್ಟರ್ ಕಟ್ಟಿಕೊಂಡರೆ ಪಂಪಿಗೆ ಎಳೆಯುವುದು ಇನ್ನೂ ಕಷ್ಟ. ಬಾಟ್ಲಿ ಕೆಳಗೆ, ಫಿಲ್ಟರ್ ಬ್ಲಾಕು, ಮತ್ತೆ ಕೇಳುವುದೆಂತ.

ಫಿಲ್ಟರ್ ಹೊಸತು ಹಾಕಿ. ಎಲ್ಯುಯೆಂಟನ್ನು 0.45 ಮೈಕ್ರಾನ್ ಪೇಪರ್‌ನಲ್ಲಿ ವ್ಯಾಕ್ಯೂಮ್ ಫಿಲ್ಟರ್ ಮಾಡಿ, ಗಾಳಿಯೂ ಹೋಗುತ್ತದೆ. ಪರ್ಜ್ ವಾಲ್ವ್ ತೆರೆದು ಸಿರಿಂಜಿನಲ್ಲಿ ನಿಧಾನ ಎಳೆಯಿರಿ, ಗುಳ್ಳೆ ಬರುವುದು ನಿಲ್ಲುವವರೆಗೆ. ಆಮೇಲೂ ಪ್ರೆಷರ್ ಅಲುಗಾಡಿದರೆ ದ್ರಾವಣ ಹಿಂದೆ ಬಾರದ ಹಾಗೆ ತಡೆಯುವ ಚೆಕ್ ವಾಲ್ವ್‌ಗಳನ್ನು ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 15 ನಿಮಿಷ ಸೋನಿಕೇಟರ್‌ನಲ್ಲಿ ಇಡಿ. ಯಾವುದು ಇನ್‌ಲೆಟ್ ಯಾವುದು ಔಟ್‌ಲೆಟ್ ಅಂತ ಮೊದಲೇ ಮಾರ್ಕ್ ಮಾಡಿ, ಯಾವ ಬದಿ ಮೇಲೆ ಅನ್ನುವುದನ್ನೂ. ಉಲ್ಟಾ ಹಾಕಿ ಒಂದು ದಿನ ಪೂರ್ತಿ ಕಳೆದವನು ನಾನು. ಹಾಕಿದ ಮೇಲೆ ಬರೀ ನೀರು ಬಿಟ್ಟು ಆಲ್ಕೋಹಾಲ್ ಎಲ್ಲ ಹೋಗಲಿ, ಆಮೇಲೆ ಕಾಲಂ ಜೋಡಿಸಿ.

ಬೇಳದ_ಬಾವಿ:
ಮಾಡಿದೆ. ಬಾಟ್ಲಿ ಈಗ ಮೆಷಿನ್ ತಲೆ ಮೇಲೆ. ಸಿರಿಂಜಿನಲ್ಲಿ ಎಳೆದಾಗ ಸೋಡಾ ಕುಪ್ಪಿ ಬಿಚ್ಚಿದ ಹಾಗೆ ಗುಳ್ಳೆ ಬಂತು. ಚೆಕ್ ವಾಲ್ವ್ ಕೂಡ ಸೋನಿಕೇಟ್ ಮಾಡಿದೆ. ಪ್ರೆಷರ್ ಈಗ 7.8ರಲ್ಲಿ ನಿಂತಿದೆ, ಕೊನೆಯ ಅಂಕಿ ಮಾತ್ರ ಅಲುಗಾಡುತ್ತದೆ. ಗರಗಸ ಹೋಯಿತು. ದೊಡ್ಡ ಅಲೆ ಮಾತ್ರ ಇನ್ನೂ ಉಂಟು.

ಮಡಕಶಿರಾ_ಫ್ಲೋರೈಡ್:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಫ್ಲೋರೈಡ್ ಮುಖ್ಯ. ಶುರುವಿನಲ್ಲೇ ಬೇಸ್‌ಲೈನ್ ಕೆಳಗೆ ಕುಸಿದು ಮೇಲೆ ಬರುತ್ತೆ, ಫ್ಲೋರೈಡ್ ಪೀಕ್ ಅದರ ದಡದಲ್ಲೇ ಕೂತಿರುತ್ತೆ. ಇದೂ ಇದೇ ರೋಗವಾ?

ನಿವೃತ್ತ_ಮಾಷ್ಟ್ರು:
ಅದು ರೋಗ ಅಲ್ಲ, ನೀರಿನ ಗುಂಡಿ. ಸ್ಯಾಂಪಲ್ ನೀರಿನಲ್ಲಿ ಕಾರ್ಬೊನೇಟ್ ಇಲ್ಲ, ಅದು ಡಿಟೆಕ್ಟರ್ ದಾಟುವಾಗ ಕಂಡಕ್ಟಿವಿಟಿ ಒಮ್ಮೆ ಇಳಿಯುತ್ತದೆ. ನೂರು ಪಟ್ಟು ಗಟ್ಟಿ ಎಲ್ಯುಯೆಂಟ್ ಮಾಡಿಟ್ಟು 100 ಎಂಎಲ್ ಸ್ಯಾಂಪಲ್‌ಗೆ 1 ಎಂಎಲ್ ಸೇರಿಸಿ. ಸ್ಟ್ಯಾಂಡರ್ಡ್‌ಗಳಿಗೂ ಅಷ್ಟೇ ಸೇರಿಸಬೇಕು, ಮರೆಯಬೇಡಿ. ಗುಂಡಿ ಹೆಚ್ಚುಕಡಿಮೆ ಮುಚ್ಚುತ್ತದೆ. ಫ್ಲೋರೈಡಿಗೆ ಲೀಟರಿಗೆ 1.0 ಮಿಲಿಗ್ರಾಂ ಮಿತಿ ನೋಡುವವರಿಗೆ ಇದು ಬೇಕೇ ಬೇಕು.

ಅಕ್ಕಲಕೋಟ_ಸಕ್ಕರೆ:
ದೊಡ್ಡ ಅಲೆ ಪಂಪ್ ಬಂದ್ ಇದ್ದಾಗೂ ಬರ್ತದ ಅಂದ್ರ ಅರ್ಥಿಂಗೇ ಅದು. ನಾ ಹೇಳಿದ್ನಲ್ಲ.

ಸ್ಪಾನರ್_ಮಂಜೇಶ್ವರ:
ಅರ್ಥಿಂಗಿಗೆ 11 ನಿಮಿಷ, 14 ನಿಮಿಷ ಅಂತ ಲೆಕ್ಕ ಇಟ್ಟು ಬರಲು ಬರುವುದಿಲ್ಲ ಸಾಹೇಬ್ರೆ. ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಆನ್ ಆಗಿ ಆಫ್ ಆಗುವ ವಸ್ತು ಲ್ಯಾಬಿನಲ್ಲಿ ಒಂದೇ, ಎಸಿ.

ತಂಗೀ, ಆ ದೊಡ್ಡ ಅಲೆಯ ಫೋಟೋ ಇನ್ನೊಮ್ಮೆ ನೋಡಿ. ನನಗೆ ಮೊದಲ ದಿನವೇ ಒಂದು ಸಂಶಯ ಇತ್ತು. ಅಲೆಯ ಮೇಲ್ಭಾಗ ಉಬ್ಬಿದೆ, ಕೆಳಭಾಗ ಚಪ್ಪಟೆ. ಯಾರೋ ಕೆಳಗೆ ಹಲಗೆ ಇಟ್ಟು ತಡೆದ ಹಾಗೆ. ಡಿಟೆಕ್ಟರ್ ಸೆಲ್ಲಿನ ಟೆಂಪರೇಚರ್ ಎಷ್ಟಕ್ಕೆ ಸೆಟ್ ಮಾಡಿದ್ದೀರಿ? ಸಾಫ್ಟ್‌ವೇರ್‌ನಲ್ಲಿ ಆ ಕ್ಷಣದ ಟೆಂಪರೇಚರ್ ಕೂಡ ತೋರಿಸುತ್ತದೆ, ಅದನ್ನು ಹತ್ತು ನಿಮಿಷ ಕೂತು ನೋಡಿ.

ಬೇಳದ_ಬಾವಿ:
ಅಯ್ಯೋ ದೇವರೇ.

ಸೆಟ್ 25. ತೋರಿಸುವುದು 25.0, 25.0, 25.0, ಆಮೇಲೆ ಏರಿ ಏರಿ 26.3, ಪುನಃ ಇಳಿದು 25.0. ಅಲೆ ಏರುವಾಗಲೇ ಇದೂ ಏರುತ್ತದೆ. ಮೂರು ವಾರದಿಂದ ಆ ಟೆಂಪರೇಚರ್ ಅಂಕಿ ಕಣ್ಣೆದುರೇ ಇತ್ತು, ಯಾರೂ ನೋಡಲಿಲ್ಲ.

ಸ್ಪಾನರ್_ಮಂಜೇಶ್ವರ:
ಸಿಕ್ಕಿತು. ಸೆಲ್ಲಿನಲ್ಲಿ ಹೀಟರ್ ಉಂಟು, ಫ್ರಿಜ್ ಇಲ್ಲ! ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ರೂಮು 25ಕ್ಕಿಂತ ಕೆಳಗೆ ಇದ್ದಾಗ ಹೀಟರ್ ಹಿಡಿದು ನಿಲ್ಲಿಸುತ್ತದೆ, ಅದಕ್ಕೇ ಕೆಳಗೆ ಚಪ್ಪಟೆ. ರೂಮು 25 ದಾಟಿದರೆ ಅದು ಕೈ ಬಿಡುತ್ತದೆ, ಸೆಲ್ ರೂಮಿನ ಜೊತೆಗೇ ಬಿಸಿಯಾಗುತ್ತದೆ, ಅದು ಮೇಲಿನ ಉಬ್ಬು.

ಲೆಕ್ಕ ಹಾಕಿ ನೋಡಿ. ಕಂಡಕ್ಟಿವಿಟಿ ಒಂದು ಡಿಗ್ರಿಗೆ ಸುಮಾರು ಶೇ. 2 ಏರುತ್ತದೆ. 15ರ ಶೇ. 2 ಅಂದರೆ 0.3. ನಿಮ್ಮದು 1.3 ಡಿಗ್ರಿ, ಅಂದರೆ 0.39. ನೀವು ಬರೆದದ್ದು 0.4. ಇನ್ನೆಂತ ಬೇಕು?

ಆದರೆ 25 ಅಂತ ಇಟ್ಟದ್ದು ಯಾರು, ಯಾಕೆ?

ಬೇಳದ_ಬಾವಿ:
ವಿಚಾರಿಸಿದೆ. ಕಂಡಕ್ಟಿವಿಟಿ ಸ್ಟ್ಯಾಂಡರ್ಡ್‌ನ ಸರ್ಟಿಫಿಕೇಟ್‌ನಲ್ಲಿ 25 ಡಿಗ್ರಿಯಲ್ಲಿ ಇಷ್ಟು ಅಂತ ಇರುತ್ತದಲ್ಲ, ಆಡಿಟ್‌ಗೆ ಮೊದಲು ಅದನ್ನು ನೋಡಿ ಒಬ್ಬರು ಇಲ್ಲೂ 25 ಮಾಡಿದ್ದಾರೆ. ಅದು ಜನವರಿಯಲ್ಲಿ. ಬೇಸಿಗೆಯಲ್ಲಿ ಸೆಕೆ ಅಂತ ಎಸಿ ದಿನವಿಡೀ 20ರಲ್ಲಿ ಓಡುತ್ತಿತ್ತು, ಹಾಗಾಗಿ ಗೊತ್ತೇ ಆಗಲಿಲ್ಲ. ಮಳೆ ಬಂದ ಮೇಲೆ ಚಳಿಯಾಗುತ್ತದೆ ಅಂತ ನಾನೇ ಎಸಿಯನ್ನು 26 ಮಾಡಿದ್ದು. ಬಿಲ್ಲೂ ಕಡಿಮೆ ಬರಲಿ ಅಂತ. ಕರ್ಮ.

ಹೊಸೂರು_ಕ್ಯೂಸಿ:
ಹ ಹ. ಕಾಲಂಗೆ ಹೋಗಬೇಕಿದ್ದ ದುಡ್ಡು ಉಳಿಯಿತಲ್ಲ, ಬಿಡಿ. 35ಕ್ಕೆ ಇಡಿ. ರೂಮಿನ ಅತಿ ಹೆಚ್ಚಿನ ಬಿಸಿಗಿಂತ ಕನಿಷ್ಠ 5 ಡಿಗ್ರಿ ಮೇಲಿರಲಿ. ಎಸಿಯ ಗಾಳಿ ನೇರ ಮೆಷಿನ್ ಮೇಲೆ ಬೀಳದ ಹಾಗೆ ರೆಕ್ಕೆ ತಿರುಗಿಸಿ.

ಸ್ಪಾನರ್_ಮಂಜೇಶ್ವರ:
35 ಸರಿ. ಆದರೆ ಹಿನ್ನೆಲೆ 15ರಿಂದ 18ರ ಹತ್ತಿರ ಹೋಗಬಹುದು, ಹೆದರಬೇಡಿ. ಪೀಕ್‌ಗಳೂ ಅಷ್ಟೇ ದೊಡ್ಡದಾಗುತ್ತವೆ. ಹಳೆ ಕ್ಯಾಲಿಬ್ರೇಷನ್ ಎತ್ತಿ ಬಿಸಾಡಿ, ಸ್ಟ್ಯಾಂಡರ್ಡ್ ಎಲ್ಲ ಪುನಃ ಹಾಕಿ. ಇದನ್ನು ಮರೆತರೆ ಬೇಸ್‌ಲೈನ್ ಚಂದ, ರಿಪೋರ್ಟ್ ತಪ್ಪು.

ಬೇಳದ_ಬಾವಿ:
ಎರಡು ಗಂಟೆ ಬಿಟ್ಟು ನೋಡಿದೆ. 17.9ರಲ್ಲಿ ಗೆರೆ. ನೋಡ್ತಾ ಕೂತುಕೊಳ್ಳುವಾ ಅನ್ನಿಸುವಷ್ಟು ನೇರ. ಕ್ಯಾಲಿಬ್ರೇಷನ್ ಹೊಸತು ಮಾಡಿದೆ. ಎಲ್ಲರಿಗೂ ಒಂದೊಂದು ಗ್ಲಾಸ್ ಪುನರ್ಪುಳಿ ಜ್ಯೂಸ್ ನನ್ನ ಕಡೆಯಿಂದ.

ಬೇಳದ_ಬಾವಿ:
ಜ್ಯೂಸ್ ವಾಪಸ್ ಕೊಡಿ. ಮತ್ತೆ ಬಂದೆ.

ಬ್ಲಾಂಕ್ (ಬರೀ ಶುದ್ಧ ನೀರು) ಓಡಿಸಿದರೆ ಗೆರೆ ನೇರ. ಸ್ಟ್ಯಾಂಡರ್ಡ್ ಕೂಡ ಚಂದ. ಸ್ಯಾಂಪಲ್ ಸಾಲು ಹಾಕಿದರೆ ಕೆಲವು ರನ್‌ನಲ್ಲಿ 9ನೇ ನಿಮಿಷದ ಆಸುಪಾಸು ಬೇಸ್‌ಲೈನ್ ಗುಡ್ಡದ ಹಾಗೆ ಎದ್ದು ಕೂರುತ್ತದೆ. ನೈಟ್ರೇಟ್ ಪೀಕ್ ಅದರ ಬೆನ್ನ ಮೇಲೆ. ಎಲ್ಲ ರನ್‌ನಲ್ಲೂ ಇಲ್ಲ. ಒಂದು ಬಾವಿಯ ನೀರಿಗೆ ನೈಟ್ರೇಟ್ 47 ತೋರಿಸುತ್ತಿದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ರಿಪೋರ್ಟ್ ಕೊಟ್ಟರೆ ಆ ಮನೆಯವರು ಬಾವಿಯನ್ನೇ ಬಿಡಬೇಕಾದೀತು.

ಸ್ಪಾನರ್_ಮಂಜೇಶ್ವರ:
ರಿಪೋರ್ಟ್ ಸದ್ಯಕ್ಕೆ ಕೊಡಬೇಡಿ. ಗುಡ್ಡ ಎಷ್ಟು ಅಗಲ?

ಬೇಳದ_ಬಾವಿ:
ಮೂರು ನಿಮಿಷ. ಪಕ್ಕದ ಕ್ಲೋರೈಡ್ ಸೂಜಿಯ ಹಾಗಿದೆ.

ನಿವೃತ್ತ_ಮಾಷ್ಟ್ರು:
ಇದು ನನ್ನ ಪಾಲಿಗೆ ಬಿಡಿ. ಕಾಲಂನಲ್ಲಿ ಹೆಚ್ಚು ಹೊತ್ತು ಕೂತ ಅಯಾನ್‌ ಹರಡಿಕೊಂಡು ಅಗಲವಾಗಿ ಹೊರಗೆ ಬರುತ್ತದೆ. ಒಂಬತ್ತನೇ ನಿಮಿಷಕ್ಕೆ ಬರುವ ಪೀಕ್ ಇಷ್ಟು ಅಗಲ ಇರಲಿಕ್ಕಿಲ್ಲ. ಹಾಗಾದರೆ ಅದು ಈ ಸ್ಯಾಂಪಲ್‌ನದ್ದು ಅಲ್ಲ, ಹಿಂದಿನದ್ದು. ಹಿಂದಿನ ಬಸ್ಸಿನವನು ಈ ಬಸ್ಸಿನಲ್ಲಿ ಇಳಿದಿದ್ದಾನೆ. ನಿಮ್ಮ ಒಂದು ರನ್ 20 ನಿಮಿಷ ಅಲ್ವಾ? ಗುಡ್ಡ ಬಂದ ರನ್‌ಗಿಂತ ಹಿಂದಿನ ಸ್ಯಾಂಪಲ್ಲನ್ನು ಒಂದೇ ಸಲ ಹಾಕಿ, ಮುಂದೆ ಏನೂ ಇಂಜೆಕ್ಟ್ ಮಾಡದೆ 60 ನಿಮಿಷ ರೆಕಾರ್ಡ್ ಮಾಡಿ.

ಬೇಳದ_ಬಾವಿ:
29ನೇ ನಿಮಿಷಕ್ಕೆ ಬಂತು ಮಾಷ್ಟ್ರೇ! ಅದೇ ಗುಡ್ಡ. 20 ಕಳೆದರೆ 9.

ಆದರೆ ನಮ್ಮ ಊರಿನ ನೀರಿನಲ್ಲಿ ಸಲ್ಫೇಟ್ ಆದ ಮೇಲೆ ಬರುವಂಥದ್ದು ಎಂತ ಇರುತ್ತದೆ? ಮತ್ತೊಂದು ವಿಚಿತ್ರ. ಪೈವಳಿಕೆ ಕಡೆಯ ಸುರಂಗದ ನೀರು ಒಂದಿತ್ತು, ಅದರ ನಂತರದ ರನ್‌ನಲ್ಲಿ ಗುಡ್ಡ ಇಲ್ಲ. ಆ ಮನೆಯವರೇ ಬಿಸ್ಲೇರಿ ಕುಪ್ಪಿಯಲ್ಲಿ ತಂದುಕೊಟ್ಟದ್ದು ಅದು. ನಮ್ಮ ಹುಡುಗ ಹೋಗಿ ತಂದ ಬಾವಿ ನೀರಿಗೆಲ್ಲ ಗುಡ್ಡ.

ನಿವೃತ್ತ_ಮಾಷ್ಟ್ರು:
ಹುಡುಗ ಯಾವ ಕುಪ್ಪಿಯಲ್ಲಿ ತಂದ?

ಬೇಳದ_ಬಾವಿ:
ಬ್ಯಾಕ್ಟೀರಿಯಾ ಟೆಸ್ಟಿಗೆ ಸ್ಟೆರೈಲ್ ಮಾಡಿಟ್ಟ ಕುಪ್ಪಿ. ಒಂದೇ ಕುಪ್ಪಿಯಲ್ಲಿ ತಂದು ಎರಡೂ ಕಡೆ ಹಂಚಿಕೊಳ್ಳುತ್ತೇವೆ. ಮಳೆಗೆ ಬೈಕಲ್ಲಿ ಎರಡೆರಡು ಕುಪ್ಪಿ ಯಾಕೆ ಅಂತ...

ಓಹ್.

ನಿವೃತ್ತ_ಮಾಷ್ಟ್ರು:
ಹೌದಮ್ಮ. ಆ ಕುಪ್ಪಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಆ ಕ್ಲೋರಿನ್ ದಾರಿಯಲ್ಲೇ ಬ್ಯಾಕ್ಟೀರಿಯಾ ಕೊಲ್ಲದಿರಲಿ ಅಂತ. 120 ಎಂಎಲ್ ಕುಪ್ಪಿಗೆ ಶೇ. 3ರ ದ್ರಾವಣ 0.1 ಎಂಎಲ್, ಲೀಟರಿಗೆ 25 ಮಿಲಿಗ್ರಾಂ ಆಗುವಷ್ಟು. ಥಯೋಸಲ್ಫೇಟ್ ಅಯಾನ್ ಕಾರ್ಬೊನೇಟ್ ಎಲ್ಯುಯೆಂಟ್‌ನಲ್ಲಿ ಕಾಲಂಗೆ ಅಂಟಿಕೊಂಡು ಕೂರುತ್ತದೆ, ಸಲ್ಫೇಟ್ ಹೋಗಿ ಎಷ್ಟೋ ಹೊತ್ತಿನ ಮೇಲೆ ಹೊರಡುತ್ತದೆ. ಅದು ಕ್ಲೋರಿನ್ ಜೊತೆ ಸೇರಿದರೆ ಕ್ಲೋರೈಡ್, ಸಲ್ಫೇಟ್ ಲೆಕ್ಕಕ್ಕೂ ಚೂರು ಸೇರಿಕೊಳ್ಳುತ್ತದೆ. ಹಾಗಾಗಿ ಆ ಕುಪ್ಪಿಯ ನೀರು ಐಸಿಗೆ ಬೇಡವೇ ಬೇಡ.

ಸ್ಪಾನರ್_ಮಂಜೇಶ್ವರ:
ಇದು ನನ್ನ ತಲೆಗೆ ಹೊಳೆಯುತ್ತಿರಲಿಲ್ಲ ಮಾಷ್ಟ್ರೇ. ನಾನಾಗಿದ್ದರೆ ಇಂಜೆಕ್ಟರ್ ವಾಲ್ವ್ ಬಿಚ್ಚುತ್ತಿದ್ದೆ.

ಅಕ್ಕಲಕೋಟ_ಸಕ್ಕರೆ:
ನಮ್ಮಲ್ಲೂ ಒಂದೇ ಬಾಟ್ಲಿ ನಡೀತದ್ರಿ. ನಾಳೆನೇ ಬಂದ್ ಮಾಡಸ್ತೀನಿ. ಅರ್ಥಿಂಗ್ ಮಾತು ವಾಪಸ್ ತಗೊಂಡೀನಿ.

ಬೇಳದ_ಬಾವಿ:
ಇವತ್ತು ಹುಡುಗನ ಜೊತೆ ನಾನೂ ಹೋಗಿ ಆ ಬಾವಿಯ ನೀರನ್ನು ಹೊಸ ಪ್ಲಾಸ್ಟಿಕ್ ಕುಪ್ಪಿಯಲ್ಲಿ, ಅದೇ ನೀರಲ್ಲಿ ಮೂರು ಸಲ ತೊಳೆದು, ತಂದೆ. ಮನೆಯ ಅಜ್ಜಿ ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಿಂತು, ನಮ್ಮ ನೀರಿಗೆ ಎಂತ ಆಗಿದೆ ಅಂತ ನಾಲ್ಕು ಸಲ ಕೇಳಿದರು. ಮೊದಲು ಬ್ಲಾಂಕ್ ಎರಡು, ಆಮೇಲೆ ಅದನ್ನು ಎರಡು ಸಲ ಹಾಕಿದೆ. ನೈಟ್ರೇಟ್ 38.2, 38.4. ಬೇಸ್‌ಲೈನ್ ನೇರ, ಗುಡ್ಡ ಇಲ್ಲ. ಹಿಂದಿನ ಎರಡು ವಾರದಲ್ಲಿ ಆ ಕುಪ್ಪಿಯಲ್ಲಿ ಬಂದ 11 ಸ್ಯಾಂಪಲ್ ಉಂಟು, ಎಲ್ಲದಕ್ಕೂ ಪುನಃ ನೀರು ತರಬೇಕು. ಎರಡರ ರಿಪೋರ್ಟ್ ಆಗಲೇ ಹೋಗಿದೆ, ಫೋನ್ ಮಾಡಿ ಹೇಳಿದೆ, ಒಬ್ಬರು ಚೆನ್ನಾಗಿಯೇ ಬೈದರು.

ಹುಡುಗನಿಗೆ ಎರಡು ಬಣ್ಣದ ಟೇಪ್ ಕೊಟ್ಟಿದ್ದೇನೆ, ಬ್ಯಾಕ್ಟೀರಿಯಾದ್ದಕ್ಕೆ ಕೆಂಪು, ಐಸಿದ್ದಕ್ಕೆ ನೀಲಿ.

ಸ್ಪಾನರ್_ಮಂಜೇಶ್ವರ:
ಟೇಪ್ ಮಳೆಗೆ ನಿಲ್ಲುವುದಿಲ್ಲ ತಂಗೀ. ಮುಚ್ಚಳವನ್ನೇ ಬೇರೆ ಬಣ್ಣದ್ದು ತೆಗೆದುಕೊಳ್ಳಿ.